ಬ್ಯಾಟರಿ ಬದಲಿಸುವ ಮೊದಲು ಅರ್ತ್ ನೋಡಿ

ನನ್ನ ಹಳೇ ಬೈಕಿಗೆ ಎರಡು ಕಾಯಿಲೆ ಒಟ್ಟಿಗೆ ಅಂಟಿಕೊಂಡಿದ್ದವು. ದೂರ ಓಡಿಸಿ ಬಂದರೂ ಬೆಳಿಗ್ಗೆ ಸೆಲ್ಫ್ ಎತ್ತುತ್ತಿರಲಿಲ್ಲ. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಪೆಟ್ರೋಲ್ ಮೀಟರಿನ ಮುಳ್ಳು ಕುಣಿಯುತ್ತಿತ್ತು. ಬ್ಯಾಟರಿ ಹೋಗಿದೆ, ಮೀಟರೂ ಹೋಗಿದೆ, ಎರಡನ್ನೂ ಬದಲಿಸಿ ಅಂತ ಸಲಹೆ ಬಂತು. ನನಗೆ ಮಾತ್ರ ಆ ಕುಣಿತವೇ ಸುಳಿವು ಅನ್ನಿಸಿತು. ಇಂಡಿಕೇಟರೂ ಪೆಟ್ರೋಲ್ ಮೀಟರೂ ಒಂದಾಗುವುದು ಕರೆಂಟು ಬರುವ ತಂತಿಯಲ್ಲಿ, ಇಲ್ಲವೇ ಅದು ವಾಪಸ್ ಹೋಗುವ ಅರ್ತ್‌ನಲ್ಲಿ ಅಲ್ವಾ?

ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ತೆಗೆದುಕೊಂಡು ಕೂತೆ. ಬ್ಯಾಟರಿಯನ್ನು ಹೊರಗೆ ಚಾರ್ಜ್ ಮಾಡಿ ರಾತ್ರಿಯಿಡೀ ಸುಮ್ನೆ ಬಿಟ್ಟೆ. ಬೆಳಿಗ್ಗೆ 12.6 ವೋಲ್ಟ್ ಇತ್ತು. ಸೆಲ್ಫ್ ಒತ್ತಿದಾಗಲೂ 10ಕ್ಕಿಂತ ಕೆಳಗೆ ಬೀಳಲಿಲ್ಲ. ಬ್ಯಾಟರಿ ಚೆನ್ನಾಗಿಯೇ ಇದೆ. ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಸ್ಟೇಟರಿನಿಂದ ಬರುವ ಮೂರು ಹಳದಿ ವೈರ್‌ಗಳನ್ನು ಬಿಚ್ಚಿ, ಎಂಜಿನ್ ಓಡಿಸಿ, ಎರಡೆರಡರ ಮಧ್ಯೆ ಎಸಿ ವೋಲ್ಟೇಜ್ ನೋಡಿದೆ. ಮೂರು ಜೋಡಿಯಲ್ಲೂ ಒಂದೇ ಅಳತೆ. ಎಂಜಿನ್ ನಿಲ್ಲಿಸಿ ನೋಡಿದಾಗ ಯಾವ ಹಳದಿ ವೈರೂ ಬೈಕಿನ ಲೋಹದ ಮೈಗೆ ತಾಗಿರಲಿಲ್ಲ. ಸ್ಟೇಟರ್ ಮೇಲಿನ ಅನುಮಾನವೂ ಹೋಯಿತು.

ವೈರ್‌ಗಳನ್ನು ಮತ್ತೆ ಜೋಡಿಸಿ, ಹೆಡ್‌ಲೈಟ್ ಹಾಕಿ ರೇಸ್ ಏರಿಸಿದೆ. ಬ್ಯಾಟರಿ ಮೇಲೆ 13.1 ವೋಲ್ಟ್. ಅಲ್ಲಿ 14ರಿಂದ 14.5 ಇರಬೇಕು. ಆದರೆ ಸ್ಟೇಟರಿನ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಮಾಡಿ ಕಳಿಸುವ ರೆಗ್ಯುಲೇಟರಿನ ಬಾಯಲ್ಲೇ ಅಳೆದಾಗ 14.3 ಸಿಕ್ಕಿತು! ಅಂದರೆ ಅದು ಕೊಡುವುದನ್ನು ಕೊಡುತ್ತಿದೆ, ದಾರಿಯಲ್ಲಿ 1.2 ವೋಲ್ಟ್ ಸೋರುತ್ತಿದೆ.

ಈ ಸೋರಿಕೆ ಹುಡುಕುವ ಅಳತೆಯನ್ನು ಬಹಳ ಜನ ಮಾಡುವುದೇ ಇಲ್ಲ, ನನಗೆ ಅದೇ ಬೇಜಾರು. ಎಂಜಿನ್ ಓಡುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ರೆಗ್ಯುಲೇಟರಿನ ಅರ್ತ್ ವೈರಿಗೆ ಇಡಬೇಕು. ಸೊನ್ನೆಯ ಹತ್ತಿರ ಇರಬೇಕಾದ ಕಡೆ 0.9 ತೋರಿಸಿತು. ಪ್ಲಸ್ ಕಡೆ ಹಾಗೇ ಅಳೆದರೆ 0.3. ಲೆಕ್ಕ ಸರಿಹೋಯಿತು. ಎಂಜಿನ್ ನಿಲ್ಲಿಸಿ ಅಳೆದರೆ ಇದು ಸಿಗುವುದಿಲ್ಲ. ಕರೆಂಟು ಹರಿಯುವಾಗ ಮಾತ್ರ ಕೆಟ್ಟ ಜೋಡಣೆ ತನ್ನ ಬಣ್ಣ ತೋರಿಸುತ್ತದೆ.

ಬ್ಯಾಟರಿಯ ಮೈನಸ್ ಮೊದಲು ಕಳಚಿ, ಟ್ಯಾಂಕ್ ಕೆಳಗಿನ ಅರ್ತ್ ಬೋಲ್ಟ್ ಬಿಚ್ಚಿದೆ. ರೆಗ್ಯುಲೇಟರ್, ಪೆಟ್ರೋಲ್ ಮೀಟರ್, ಇಂಡಿಕೇಟರ್, ಮೂರರ ಅರ್ತ್ ವೈರ್ ತುದಿಯ ಲೋಹದ ಕಣ್ಣುಗಳೂ ಒಂದರ ಮೇಲೊಂದು ಅಲ್ಲೇ ಕೂತಿದ್ದವು. ಮಧ್ಯೆ ಹಸಿರು ಕಿಲುಬು, ಅಡಿಯಲ್ಲಿ ಫ್ರೇಮಿನ ಪೇಂಟ್. ಲೋಹ ಹೊಳೆಯುವ ತನಕ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಬಿಗಿ ಮಾಡಿ, ನೀರು ತಾಗದಂತೆ ಮೇಲೆ ವ್ಯಾಸಲಿನ್ ಹಚ್ಚಿದೆ. ಪ್ಲಸ್ ಕಡೆ ಕನೆಕ್ಟರಿನ ಒಂದು ಪಿನ್ ಸುಟ್ಟು ಕಂದಾಗಿತ್ತು, ಪ್ಲಾಸ್ಟಿಕ್ ಕರಗಿತ್ತು. ಕತ್ತರಿಸಿ ಹೊಸ ಟರ್ಮಿನಲ್ ಒತ್ತಿದೆ.

ಬ್ಯಾಟರಿ ಮೇಲೆ ಈಗ 14.2. ಮುಳ್ಳಿನ ಕುಣಿತವೂ ನಿಂತಿತು.

ಆದರೂ ಟ್ಯಾಂಕ್ ತುಂಬಿಸಿದಾಗ ಮುಳ್ಳು ಅರ್ಧಕ್ಕೇ ನಿಲ್ಲುತ್ತಿತ್ತು. ಟ್ಯಾಂಕಿನೊಳಗೆ ಕೂತು ಪೆಟ್ರೋಲ್ ಮಟ್ಟವನ್ನು ಮೀಟರಿಗೆ ತಿಳಿಸುವ ಸೆಂಡರಿನ ವೈರ್ ಬಿಚ್ಚಿದೆ. ಮುಳ್ಳು ಒಂದು ತುದಿಗೆ ಹೋಯಿತು. ಅದೇ ವೈರನ್ನು ಅರ್ತ್‌ಗೆ ಕ್ಷಣ ಮುಟ್ಟಿಸಿದರೆ ಇನ್ನೊಂದು ತುದಿಗೆ. ಮೀಟರ್ ಸರಿಯಿದೆ, ತಪ್ಪು ಸೆಂಡರಿನದು. ಪೆಟ್ರೋಲ್ ಖಾಲಿ ಮಾಡಿ, ಬಯಲಲ್ಲಿ ಕೂತು ಅದನ್ನು ಹೊರತೆಗೆದೆ. ತೇಲುಬುಂಡೆಯನ್ನು ನಿಧಾನ ಎತ್ತುತ್ತಾ ಓಮ್, ಅಂದರೆ ಕರೆಂಟಿಗಿರುವ ತಡೆ, ಅಳೆದರೆ ಅರ್ಧದವರೆಗೆ ನೀಟಾಗಿ ಬದಲಾಗುತ್ತದೆ, ಅಲ್ಲಿಂದ ಮೇಲೆ ಎಗರಾಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮೆತ್ತಗಿನ ಬ್ರಶ್‌ನಲ್ಲಿ ತೇಲುಬುಂಡೆಯ ತೋಳು ಉಜ್ಜುವ ಪಟ್ಟಿಯ ಕೊಳೆ ತೆಗೆದೆ. ಈಗ ಟ್ಯಾಂಕ್ ತುಂಬಿದರೆ ಮುಳ್ಳು ಪೂರ್ತಿ ಮೇಲೆ ಹೋಗುತ್ತದೆ. ಹಳೇ ಬ್ಯಾಟರಿಯೇ ಇನ್ನೂ ಓಡುತ್ತಿದೆ.