ಬೆನ್ನುಹುರಿಗೆ ಪೆಟ್ಟಾದವರಿಗೆ ಮನೆಯಲ್ಲಿ ಕರೆಂಟ್ ಕೊಡುವುದು: ತೊಡೆಯಿಂದ ಶುರು

ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಮರದಿಂದ ಬಿದ್ದವರ ಡಿಸ್ಚಾರ್ಜ್ ಚೀಟಿಯಲ್ಲಿ ಡಿ12 ಇಲ್ಲವೇ ಎಲ್1 ಎಂದು ಬರೆದಿರುವುದು ಅಪರೂಪವಲ್ಲ. ಪೆಟ್ಟು ಬೆನ್ನುಮೂಳೆಯ ಯಾವ ಮಟ್ಟದಲ್ಲಿದೆ ಎಂಬ ಗುರುತು ಅದು: ಡಿ ಎಂದರೆ ಎದೆಯ ಮಟ್ಟ, ಎಲ್ ಎಂದರೆ ಸೊಂಟದ ಮಟ್ಟ. ಸ್ವಾಧೀನ ತಪ್ಪಿದ ಕಾಲಿನ ಸ್ನಾಯುವನ್ನು ಕರೆಂಟಿನಿಂದ ದುಡಿಸುವ ಮಷೀನ್ ಕೊಳ್ಳುವ ಮೊದಲು ಓದಬೇಕಾದ್ದು ಆ ಸಾಲನ್ನೇ. (ನಮ್ಮ ಡಾಕ್ಟರು ಡಿ ಎಂದು ಬರೆಯುವುದನ್ನೇ ಮಷೀನಿನ ಪುಸ್ತಕದಲ್ಲಿ ಟಿ ಎಂದು ಹಾಕಿರುತ್ತಾರೆ, ಎರಡೂ ಒಂದೇ.)

ಮಷೀನು ಎಬ್ಬಿಸುವುದು ಸ್ನಾಯುವನ್ನಲ್ಲ, ಸ್ನಾಯುವಿಗೆ ಬರುವ ನರವನ್ನು. ಆ ನರದ ಬುಡ ಇರುವುದು ಬೆನ್ನುಹುರಿಯೊಳಗೆ. ಪೆಟ್ಟು ಕತ್ತಿನಲ್ಲೋ ಎದೆಯ ಮಟ್ಟದಲ್ಲೋ ಇದ್ದರೆ ಕಾಲಿನ ನರಗಳ ಬುಡ ಕೆಳಗೆ ಉಳಿದಿರುತ್ತದೆ, ಮೆದುಳಿನ ಮಾತು ಮಾತ್ರ ಅಲ್ಲಿಗೆ ಮುಟ್ಟುವುದಿಲ್ಲ. ಇಂಥವರ ತೊಡೆ ಕರೆಂಟಿಗೆ ಚೆನ್ನಾಗಿ ಎದ್ದು ನಿಲ್ಲುತ್ತದೆ. ಆದರೆ ಹುರಿ ಮುಗಿಯುವುದೇ ಎಲ್1, ಎಲ್2ರ ಹತ್ತಿರ. ಮೂಳೆ ಅಲ್ಲಿ ಜಜ್ಜಿದ್ದರೆ ಬುಡವೇ ಸತ್ತಿರಬಹುದು. ಕಾಲು ಆಗಾಗ ತಾನಾಗಿ ಸೆಟೆದು ಅದುರುತ್ತಿದ್ದರೆ ಒಳ್ಳೆಯ ಗುರುತು. ಸೆಟೆತವೇ ಇಲ್ಲದೆ ಜೋತುಬಿದ್ದು, ನೋಡನೋಡುತ್ತ ತೊಡೆ ಕರಗಿದ್ದರೆ ಅನುಮಾನಪಡಬೇಕು. ಫಿಸಿಯೋಥೆರಪಿ ವಿಭಾಗದಲ್ಲಿ 300 ಮೈಕ್ರೋಸೆಕೆಂಡ್ ಉದ್ದದ ಪಲ್ಸ್ (ಕರೆಂಟಿನ ಚಿಕ್ಕ ಹೊಡೆತ) ಕೊಟ್ಟು ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆಗಲೂ ಸ್ನಾಯು ಮಿಸುಕದಿದ್ದರೆ ಅಂಗಡಿಯ ಮಷೀನಿಗೆ ದುಡ್ಡು ಹಾಕಬೇಡಿ. ನರ ಸತ್ತ ಸ್ನಾಯುವಿಗೆ 100 ಮಿಲಿಸೆಕೆಂಡಿಗೂ ಉದ್ದದ ಪಲ್ಸ್ ಬೇಕು. ಅದು ಬೇರೆಯದೇ ಸಾಧನ, ತಜ್ಞರ ಕೈಯಲ್ಲೇ ಇರಬೇಕಾದ್ದು.

ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಮೂಳೆ ಇನ್ನೂ ಕೂಡಿರದವರು ಕರೆಂಟ್ ಇಡಬಾರದು. ಫಿಟ್ಸ್ ಬರುವವರು, ಕ್ಯಾನ್ಸರ್ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಪ್ಯಾಡ್ ಅಂಟಿಸುವ ಜಾಗದಲ್ಲಿ ಗಾಯವಿರಬಾರದು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಅವತ್ತು ಮಷೀನ್ ಬೇಡ, ಮೊದಲು ರಕ್ತನಾಳದ ಹೆಪ್ಪು ನೋಡುವ ಡಾಪ್ಲರ್ ಸ್ಕ್ಯಾನ್ ಆಗಲಿ. ವರ್ಷಗಟ್ಟಲೆ ಕಾಲೂರದವರಿಗೆ ಮೊಣಕಾಲ ಸುತ್ತಲ ಮೂಳೆ ಬಹಳ ತೆಳುವಾಗಿರುತ್ತದೆ, ಗಟ್ಟಿ ಸೆಳೆತಕ್ಕೇ ಮುರಿಯಬಹುದು. ಸ್ಪರ್ಶವಿಲ್ಲದ ಕಾಲು ಮುರಿದರೂ ನೋಯುವುದಿಲ್ಲ. ಊತ, ಬಿಸಿ, ಹೊಸದಾಗಿ ಹೆಚ್ಚಿದ ಸೆಟೆತ, ಇವೇ ಸುಳಿವು. ಹಾಗಾಗಿ ಮೊದಲೇ ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಸರ್ಜಿಕಲ್ ಅಂಗಡಿಯಲ್ಲಿ ‘ಕರೆಂಟ್ ಮಷೀನ್’ ಎಂದರೆ ಟೆನ್ಸ್ ಕೊಟ್ಟು ಕಳಿಸುವುದುಂಟು. ಅದು ನೋವಿಗೆ. ನಿಮಗೆ ಬೇಕಾದ್ದು ನರದ ಮೂಲಕ ಸ್ನಾಯುವನ್ನು ಬಿಗಿಸುವ ಎನ್‌ಎಂಇಎಸ್. ಪಲ್ಸ್ ಅಗಲ, ಅಂದರೆ ಒಂದು ಪಲ್ಸಿನ ಸಮಯ, ಕನಿಷ್ಠ 300, ಸಾಧ್ಯವಾದರೆ 400 ಮೈಕ್ರೋಸೆಕೆಂಡ್‌ವರೆಗೆ ಹೋಗಬೇಕು. ಕರೆಂಟ್ 80ರಿಂದ 100 ಮಿಲಿಆಂಪ್‌ವರೆಗೆ ಏರಬೇಕು. ಆನ್ ಸಮಯ, ಆಫ್ ಸಮಯ, ರ‍್ಯಾಂಪ್ (ಕರೆಂಟ್ ಮೆಲ್ಲಗೆ ಏರಲು ಹಿಡಿಯುವ ಸಮಯ) ಮೂರನ್ನೂ ಬೇರೆಬೇರೆಯಾಗಿ ಬದಲಿಸಲು ಬರಬೇಕು. ಟಿವಿಯಲ್ಲಿ ತೋರಿಸುವ ಹೊಟ್ಟೆ ಕರಗಿಸುವ ಬೆಲ್ಟಿನಲ್ಲಿ ಇದ್ಯಾವುದೂ ಇರುವುದಿಲ್ಲ. ಬ್ಯಾಟರಿಯದ್ದನ್ನೇ ತನ್ನಿ, ಚಾರ್ಜಿಗೆ ಹಾಕಿಕೊಂಡು ಬಳಸಬೇಡಿ.

ಪ್ಯಾಡ್ 5×9 ಸೆಂಟಿಮೀಟರಿನದು, ಒಂದು ತೊಡೆಗೆ ಎರಡು. ಚಿಕ್ಕ ಪ್ಯಾಡ್ ಹಾಕಿದರೆ ಅದೇ ಕರೆಂಟ್ ಸಣ್ಣ ಜಾಗದಲ್ಲಿ ಹರಿದು ಚರ್ಮ ಸುಡುತ್ತದೆ. ಸುಟ್ಟದ್ದು ಅವರಿಗೆ ಗೊತ್ತೂ ಆಗುವುದಿಲ್ಲ. ಕೊಬ್ಬರಿ ಎಣ್ಣೆ ತಿಕ್ಕುವುದಿದ್ದರೆ ಮಷೀನ್ ಮುಗಿದ ಮೇಲೆ ತಿಕ್ಕಿ. ಎಣ್ಣೆ ಚರ್ಮದ ಮೇಲೆ ಪ್ಯಾಡಿನ ಅಂಚು ಏಳುತ್ತದೆ, ಕರೆಂಟೆಲ್ಲ ಅಂಟಿಕೊಂಡ ತುಣುಕಿಗೇ ನುಗ್ಗುತ್ತದೆ. ಸೋಪು ನೀರಿನಲ್ಲಿ ಒರೆಸಿ, ಒಣಗಿಸಿ. ಕೂದಲನ್ನು ಕತ್ತರಿಯಿಂದ ಕತ್ತರಿಸಿ, ಬ್ಲೇಡ್ ಬೇಡ. ಏಪ್ರಿಲ್, ಮೇ ಬೆವರಿಗೂ ಪ್ಯಾಡ್ ಬಿಡುತ್ತದೆ, ಬೆಳಗ್ಗೆ ತಂಪು ಹೊತ್ತಿನಲ್ಲೇ ಮುಗಿಸಿಕೊಳ್ಳಿ. ಒಬ್ಬರ ಪ್ಯಾಡ್ ಇನ್ನೊಬ್ಬರಿಗೆ ಬೇಡ. ಅಂಟು ಹೋದ ಪ್ಯಾಡಿಗೆ ಟೇಪ್ ಸುತ್ತುವ ಉಳಿತಾಯವೂ ಬೇಡ.

ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ತೊಡೆ ಪೂರ್ತಿ ಕುರ್ಚಿಯ ಮೇಲಿರಲಿ, ಮೊಣಕಾಲಿನಿಂದ ಕೆಳಗೆ ಇಳಿಬಿದ್ದಿರಲಿ, ಎದುರಿಗೆ ಏನೂ ಇರಬಾರದು. ಒಂದು ಪ್ಯಾಡ್ ತೊಡೆಯ ಮೇಲಿನ ಮೂರನೇ ಒಂದು ಭಾಗ ಮುಗಿಯುವಲ್ಲಿ, ಸ್ವಲ್ಪ ಹೊರಮಗ್ಗುಲಿಗೆ. ಇನ್ನೊಂದು ಮೊಣಕಾಲ ಚಿಪ್ಪಿಗಿಂತ ನಾಲ್ಕು ಬೆರಳು ಮೇಲೆ, ಒಳಮಗ್ಗುಲಿಗೆ. ಕಾಲು ಚೆನ್ನಾಗಿ ಎದ್ದ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿಡಿ. ಸ್ವಲ್ಪ ಸರಿದರೂ ಫಲ ಕಡಿಮೆಯಾಗಬಹುದು.

30 ಹರ್ಟ್ಸ್ (ಸೆಕೆಂಡಿಗೆ 30 ಪಲ್ಸ್), 300ರಿಂದ 400 ಮೈಕ್ರೋಸೆಕೆಂಡ್, ರ‍್ಯಾಂಪ್ 2 ಸೆಕೆಂಡ್, ಆನ್ 5, ಆಫ್ 15 ಸೆಕೆಂಡ್ ಇಟ್ಟು ಕರೆಂಟನ್ನು ಸೊನ್ನೆಯಿಂದ ಸ್ವಲ್ಪಸ್ವಲ್ಪವೇ ಏರಿಸಿ. ಮೊದಲು ಸ್ನಾಯು ಅದುರುತ್ತದೆ, ಆಮೇಲೆ ಬಿಗಿಯುತ್ತದೆ, ಆಮೇಲೆ ಕಾಲು ಏಳುತ್ತದೆ. ಹತ್ತು ಸಲ ಎತ್ತಿಸಿ, ಎರಡು ಮೂರು ನಿಮಿಷ ಬಿಡಿ. ಹೀಗೆ ನಾಲ್ಕು ಸುತ್ತು, ದಿನ ಬಿಟ್ಟು ದಿನ. ಮೊದಲ ವಾರ ಎರಡೇ ಸುತ್ತು ಸಾಕು. ಸ್ವಲ್ಪವಾದರೂ ಸ್ವಾಧೀನ ಉಳಿದವರು ಕರೆಂಟ್ ಬಂದ ಕ್ಷಣಕ್ಕೇ ತಾವೂ ಕಾಲು ಎತ್ತಲು ಪ್ರಯತ್ನಿಸಲೇಬೇಕು. ಫೋನ್ ನೋಡುತ್ತ ಕೂತರೆ ಸ್ನಾಯು ದಪ್ಪವಾದೀತು, ಹತೋಟಿ ಬಾರದು.

ಐದಾರು ಸಲ ಎದ್ದು ಆಮೇಲೆ ಕಾಲು ಇಳಿಯುವುದು ಎಲ್ಲರಿಗೂ ಆಗುತ್ತದೆ. ಮೈ ತಾನಾಗಿ ಕೆಲಸ ಮಾಡುವಾಗ ನಾರುಗಳು ಸರದಿ ಪ್ರಕಾರ ದುಡಿಯುತ್ತವೆ. ಕರೆಂಟಿಗೆ ಅವೇ ನಾರುಗಳು, ಅದರಲ್ಲೂ ಬೇಗ ಸೋಲುವ ದಪ್ಪ ನಾರುಗಳು, ಪ್ರತಿ ಸಲವೂ ಒಟ್ಟಿಗೆ ದುಡಿಯಬೇಕು. ಆಗ ಕರೆಂಟ್ ಏರಿಸುವುದಲ್ಲ, ಆಫ್ ಸಮಯ ಹೆಚ್ಚಿಸಬೇಕು ಇಲ್ಲವೇ ಹರ್ಟ್ಸ್ ಇಳಿಸಬೇಕು. ಹತ್ತರ ನಾಲ್ಕೂ ಸುತ್ತಿನಲ್ಲಿ ಕಾಲು ಪೂರ್ತಿ ನೇರವಾದ ಮೇಲೆ, ಮೂಳೆಯ ವರದಿ ಚೆನ್ನಾಗಿದ್ದರೆ ಮಾತ್ರ, ಪಾದದ ಗಂಟಿಗೆ ಅರ್ಧ ಕಿಲೋ ಮರಳಿನ ಪಟ್ಟಿ ಕಟ್ಟಿ. ಮುಗಿದ ಕೂಡಲೇ ಪ್ಯಾಡ್ ಕಿತ್ತು ಚರ್ಮ ನೋಡಿ. ಎರಡೂ ಕಡೆ ಸಮನಾದ ತಿಳಿಗೆಂಪು ಒಂದು ಗಂಟೆಯೊಳಗೆ ಹೋದರೆ ತೊಂದರೆಯಿಲ್ಲ. ಚುಕ್ಕೆಚುಕ್ಕೆಯ ಕೆಂಪು, ಗುಳ್ಳೆ ಇದ್ದರೆ ಮಾಯುವವರೆಗೆ ಆ ಜಾಗಕ್ಕೆ ಕರೆಂಟ್ ಇಲ್ಲ.

ಪೆಟ್ಟು ಡಿ6 ಅಥವಾ ಅದಕ್ಕಿಂತ ಮೇಲಿದ್ದರೆ ಬಿಪಿ ಏಕಾಏಕಿ ಏರಬಹುದು, ಬಿಪಿ ಮಷೀನ್ ಪಕ್ಕದಲ್ಲೇ ಇರಬೇಕು. ಇಂಥವರ ಮಾಮೂಲಿ ಮೇಲಿನ ಬಿಪಿ 90ರಿಂದ 110ರ ಆಸುಪಾಸು, ಹಾಗಾಗಿ 140 ಅವರಿಗೆ ಅಪಾಯದ ಅಂಕಿ. ತಲೆ ಸಿಡಿತ, ಮುಖ ಕೆಂಪೇರುವುದು, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು ಕಂಡರೆ ಮಷೀನ್ ಆರಿಸಿ. ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಬೆಲ್ಟ್, ಬಿಗಿ ಬಟ್ಟೆ ಸಡಿಲಿಸಿ. ಕ್ಯಾತಿಟರ್ ಪೈಪ್ ಮಡಚಿದೆಯೇ, ಚೀಲ ತುಂಬಿದೆಯೇ ನೋಡಿ, ಏಕೆಂದರೆ ಕಾರಣ ಕರೆಂಟಿಗಿಂತ ತುಂಬಿದ ಮೂತ್ರಕೋಶವೇ ಆಗಿರುವುದು ಹೆಚ್ಚು. ಎರಡು ಮೂರು ನಿಮಿಷಕ್ಕೊಮ್ಮೆ ಬಿಪಿ ನೋಡುತ್ತಿರಿ. ಇಳಿಯದಿದ್ದರೆ 108ಕ್ಕೆ ಕರೆ ಮಾಡಿ, ಆಸ್ಪತ್ರೆಯಲ್ಲಿ ಈ ಸ್ಥಿತಿಗಿರುವ ‘ಅಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ’ ಎಂಬ ಹೆಸರು ಹೇಳಿ. ಆ ಹೆಸರನ್ನು ಚೀಟಿಯಲ್ಲಿ ಬರೆದು ಗಾಲಿಕುರ್ಚಿಗೆ ಅಂಟಿಸಿಡುವುದು ಇನ್ನೂ ಒಳ್ಳೆಯದು.

ಪಾದ ಜೋಲುವವರಿಗೆ 5×5ರ ಎರಡು ಪ್ಯಾಡ್ ಸಾಕು: ಮೊಣಕಾಲ ಹೊರಗಡೆಯ ಗುಬುಟು ಮೂಳೆಯ ಸ್ವಲ್ಪ ಕೆಳಗೆ ಒಂದು, ಕಣಕಾಲ ಮುಂಭಾಗದ ಸ್ನಾಯುವಿನ ಮೇಲೆ ಒಂದು. ಪಾದ ಹೊರಕ್ಕೆ ತಿರುಚಿದರೆ ಕೆಳಗಿನದನ್ನು ಒಳಕ್ಕೆ ಸರಿಸಿ.

ಯೂಟ್ಯೂಬಿನಲ್ಲಿ ಎದ್ದು ನಡೆಯುವವರದು ಬೇರೆಯ ಲೆಕ್ಕ. ಅವರಲ್ಲಿ ಹಲವರಿಗೆ ಶಸ್ತ್ರಕ್ರಿಯೆ ಮಾಡಿ ಹುರಿಯ ಪೊರೆಯ ಮೇಲೆ ಎಲೆಕ್ಟ್ರೋಡ್ ಕೂರಿಸಿರುತ್ತಾರೆ. ಚರ್ಮದ ಮೇಲಿಂದಲೇ ಹುರಿಯನ್ನು ಎಬ್ಬಿಸುವ ಆರ್ಕ್-ಇಎಕ್ಸ್ ಸಾಧನಕ್ಕೆ ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಅದು ಕತ್ತಿನ ಪೆಟ್ಟಿನವರಿಗೆ, ಅದರಲ್ಲೂ ಹುರಿ ಪೂರ್ತಿ ಕಡಿಯದವರಿಗೆ, ಕೈಯ ಬಲ ಮತ್ತು ಸ್ಪರ್ಶಕ್ಕಾಗಿ. ಮನೆಯ ಮಷೀನಿನ ಪ್ಯಾಡ್ ಬೆನ್ನುಮೂಳೆಗೆ ಅಂಟಿಸಿ ಅದೇ ಫಲ ಹುಡುಕಬೇಡಿ. ಆ ಸಾಧನ ಕಳಿಸುವ ಪ್ರತಿ ಪಲ್ಸಿನೊಳಗೆ 10 ಕಿಲೋಹರ್ಟ್ಸ್ ಅಲೆ ಇರುತ್ತದೆ, ನಿಮ್ಮ ಮಷೀನಿನಲ್ಲಿ ಅದಿಲ್ಲ.