ಯೇಸು ದೇವರಾ, ಮನುಷ್ಯನಾ? ಸುವಾರ್ತೆ ಓದೋವಾಗ ಹೀಗೆ ನೋಡಿ
ಅರ್ಧ ದೇವರು ಅರ್ಧ ಮನುಷ್ಯ ಅಂತ ತಲೇಲಿದ್ರೆ ಮೊದಲು ಅದನ್ನ ತೆಗೆದುಹಾಕಿ, 451ರಲ್ಲಿ ಕಾಲ್ಸಿಡನ್ ಅನ್ನೋ ಊರಲ್ಲಿ ಸೇರಿದ್ದ ಬಿಷಪ್‌ಗಳ ಮಹಾಸಭೆ ಯೇಸು ಬಗ್ಗೆ ಹೇಳಿದ್ದು ಪೂರ್ತಿ ದೇವರು, ಪೂರ್ತಿ ಮನುಷ್ಯ, ಆದ್ರೆ ವ್ಯಕ್ತಿ ಒಬ್ಬನೇ ಅಂತ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಆ ಮಾತಿನ ರೀತಿ ಒಪ್ಪಲಿಲ್ಲ, ಅದು ಬೇರೆ ದೊಡ್ಡ ಕತೆ.

ಈಗ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯ ತೆಗೀರಿ. ದೋಣಿಗೆ ನೀರು ನುಗ್ತಿದೆ, ಯೇಸು ಹಿಂದುಗಡೆ ದಿಂಬಿಗೆ ತಲೆಯಿಟ್ಟು ಮಲಗಿದಾನೆ, ದುಡಿದು ಸುಸ್ತಾದೋರು ಮಲಗ್ತಾರಲ್ಲ ಹಾಗೆ, ಶಿಷ್ಯರು ಎಬ್ಬಿಸಿದ್ಮೇಲೆ ಎದ್ದು ಗಾಳೀನ ಗದರಿಸ್ತಾನೆ, ಸಮುದ್ರ ಸುಮ್ಮನಾಗುತ್ತೆ. ನನಗಂತೂ ಆ ದಿಂಬು ಓದಿದಾಗೆಲ್ಲಾ ಮನಸ್ಸಿಗೆ ತಟ್ಟುತ್ತೆ. ನಿದ್ದೆ ಮಾಡಿದೋನು ಒಬ್ಬ, ಗದರಿಸಿದೋನು ಇನ್ನೊಬ್ಬ ಅಂತ ಭಾಗ ಮಾಡ್ಬೇಡಿ, ತುಂಬಾ ಜನ ಎಡವೋದು ಇಲ್ಲೇ. ದೇವರ ಸ್ವಭಾವ, ಮನುಷ್ಯ ಸ್ವಭಾವ ಎರಡನ್ನೂ ಹಾಲು ನೀರಿನ ಥರ ಬೆರೆಸ್ಲೂಬೇಡಿ.

ಆಮೇಲೆ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಓದಿ, ತೀರಿಹೋದ ಗೆಳೆಯ ಲಾಜರನ ಸಮಾಧಿ ಹತ್ರ ಕಣ್ಣೀರು ಹಾಕಿದವನೇ ಹೆಸರು ಹಿಡಿದು ಅವನನ್ನ ಜೀವಂತವಾಗಿ ಹೊರಗೆ ಕರೀತಾನೆ.