ಕೊಡಚಾದ್ರಿ ಮಳೆಗೆ ಬ್ಯಾಗ್ ಹೊಸದು, ಕಂಬಳಿ ಹಳೆಯದು

ಮೊದಲ ಸಲ ಜುಲೈನಲ್ಲಿ ಕೊಡಚಾದ್ರಿ ಹತ್ತಲು ಹೊರಟಾಗ ಎಲ್ಲವನ್ನೂ ಹೊಸದಾಗಿ ಕೊಂಡಿದ್ದೆ. ರೇನ್ ಜಾಕೆಟ್, ಟೆಂಟ್, ಶೂ, ಸೊಂಟಕ್ಕೆ ಬೆಲ್ಟ್ ಇರುವ ದೊಡ್ಡ ಬ್ಯಾಗ್. ಹಿಂದಿನ ರಾತ್ರಿ ನಿಟ್ಟೂರಿನ ಹತ್ತಿರ ಚಿಕ್ಕಪ್ಪನ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಹೊರಡುವಾಗ ಅವರು ಒಲೆಯ ಮೇಲಿನ ಅಟ್ಟದಿಂದ ಕಂಬಳಿ ಇಳಿಸಿ, "ಇದೂ ಇರ್ಲಿ ಮಾರಾಯ, ಮೇಲೆ ಗಾಳಿ ಜಾಸ್ತಿ" ಎಂದರು. ಭಾರ ಅಂತ ಬಿಟ್ಟು ಹೋದೆ.

ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಒಂದು ಗಂಟೆ ಹತ್ತುವಷ್ಟರಲ್ಲಿ ಜಾಕೆಟ್ ಒಳಗೆಲ್ಲ ಒದ್ದೆ. ಮಳೆ ಸೋರಿರಲಿಲ್ಲ, ಅದು ನನ್ನದೇ ಬೆವರು. ಇಂಥ ಜಾಕೆಟ್ ಬೆವರಿನ ಆವಿಯನ್ನು ಹೊರಗೆ ಬಿಡಬೇಕಾದರೆ ಹೊರಗಿನ ಗಾಳಿ ಸ್ವಲ್ಪವಾದರೂ ಒಣಗಿರಬೇಕು. ನಮ್ಮ ಮಳೆಗಾಲದ ಕಾಡಿನಲ್ಲಿ ಗಾಳಿಯೇ ನೀರು ಕುಡಿದಿರುತ್ತದೆ, ಆವಿ ಹೋಗುವುದಾದರೂ ಎಲ್ಲಿಗೆ? ನಡೆಯುವಾಗ ಚಳಿ ಗೊತ್ತಾಗಲಿಲ್ಲ. ಕೊಡಚಾದ್ರಿಯ ಎತ್ತರ 1,343 ಮೀಟರ್. ಮೇಲೆ ಸರ್ವಜ್ಞ ಪೀಠದ ಹತ್ತಿರ ಸುಮ್ನೆ ನಿಂತ ಹತ್ತೇ ನಿಮಿಷಕ್ಕೆ ಹಲ್ಲು ಕಟಕಟ ಎನ್ನತೊಡಗಿತು. ಬ್ಯಾಗಿನ ಜಿಪ್ ಎಳೆಯಲು ಬೆರಳು ಬಗ್ಗಲಿಲ್ಲ. ಅವತ್ತು ನಿಜಕ್ಕೂ ಹೆದರಿದೆ.

ಮರುವರ್ಷ ಕಂಬಳಿಯನ್ನು ನಾನೇ ಕೇಳಿ ಪಡೆದೆ. ಕೊಪ್ಪೆ ಮಾಡುವುದನ್ನೂ ಚಿಕ್ಕಪ್ಪನೇ ತೋರಿಸಿದರು. ಕಂಬಳಿಯನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿ, ಒಂದು ತುದಿಯ ಎರಡು ಅಂಚನ್ನು ಸೇರಿಸಿ ದಪ್ಪ ದಾರದಲ್ಲಿ ಹೊಲಿಯಬೇಕು. ಆ ಮೂಲೆ ತಲೆಗೆ ಕೂರುತ್ತದೆ, ಉಳಿದದ್ದು ಬೆನ್ನಿನ ಮೇಲೆ ಮೊಣಕಾಲಿನವರೆಗೆ ಇಳಿಯುತ್ತದೆ. ಹೊಗೆ ಹಿಡಿದ ಒರಟು ಉಣ್ಣೆಯ ಮೇಲೆ ಮಳೆಹನಿ ಮೊದಲು ಮಣಿಮಣಿಯಾಗಿ ನಿಲ್ಲುತ್ತದೆ. ಆಮೇಲೆ ನಿಧಾನಕ್ಕೆ ಒಳಗಿಳಿಯುತ್ತದೆ. ಆದರೂ ಮೈ ಬೆಚ್ಚಗೇ ಇರುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಅದರ ಗುಂಗುರು ಎಳೆಗಳ ನಡುವೆ ಗಾಳಿ ಉಳಿದಿರುತ್ತದೆ. ಹತ್ತಿಗೆ ಈ ಗುಣ ಇಲ್ಲ. ಜೀನ್ಸ್ ಹಾಕಿಕೊಂಡು ಬರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಂಬಳಿ ಹೊರುವುದು ಕಷ್ಟ, ಅದನ್ನೂ ಹೇಳಬೇಕು. ಒಣಗಿದ್ದಾಗ ಎರಡು ಕಿಲೋ ಇದ್ದದ್ದು ಇಳಿದು ಬಂದು ತೂಗಿದಾಗ ನಾಲ್ಕರ ಹತ್ತಿರ ಇತ್ತು. ಹಾಗಾಗಿ ಈಗ ಹತ್ತುವಾಗ ಹೊದೆಯುವುದಿಲ್ಲ. ತೆಳು ಪಾಲಿಯೆಸ್ಟರ್ ಅಂಗಿಯಲ್ಲಿ ನೆನೆದುಕೊಂಡೇ ನಡೆಯುತ್ತೇನೆ. ಕಂಬಳಿ ಮತ್ತು ಒಂದು ಜೊತೆ ಒಣಬಟ್ಟೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ, ಚೀಲ ಬ್ಯಾಗಿನೊಳಗೆ. ಬ್ಯಾಗಿನ ಹೊರಗಿನ ರೇನ್ ಕವರ್ ಒಂದನ್ನೇ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ಬೋಳುಗುಡ್ಡ ಸಿಕ್ಕ ಕೂಡಲೇ, ಮೈ ತಣ್ಣಗಾಗುವ ಮೊದಲೇ, ಕೊಪ್ಪೆ ತಲೆ ಮೇಲೆ. ಜೋರು ಮಳೆಯಾದರೆ ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ.

ಬ್ಯಾಗಿನ ವಿಷಯದಲ್ಲಿ ಮಾತ್ರ ಹೊಸದೇ ಸರಿ. ಭಾರವೆಲ್ಲ ಸೊಂಟಕ್ಕೆ ಇಳಿಯುತ್ತದೆ, ಭುಜ ಉಳಿಯುತ್ತದೆ. ಹೆಡ್‌ಲ್ಯಾಂಪ್ ಕೂಡ ಹಾಗೇ, ಎರಡೂ ಕೈ ಖಾಲಿ ಇರುತ್ತವೆ. ಗೊರಬನ್ನೂ, ಅಂದರೆ ಬಿದಿರು ಮತ್ತು ಎಲೆಯಲ್ಲಿ ಹೆಣೆದ, ತಲೆ ಬೆನ್ನು ಎರಡನ್ನೂ ಮುಚ್ಚುವ ಮಳೆಯ ಹೊದಿಕೆಯನ್ನೂ, ಒಮ್ಮೆ ಹೊತ್ತು ನೋಡಿದೆ. ಬಗ್ಗಿ ಸಸಿ ನೆಡುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಕಾಡುದಾರಿಯಲ್ಲಿ ಮಾತ್ರ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ಬಯಲಿಗೆ ಬಂದರೆ ಗಾಳಿ ಎತ್ತಿಕೊಂಡು ಹೋಗುತ್ತದೆ.

ಇನ್ನು ಉಂಬಳ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆ. ಕಾಲಿಗೆ ಉಪ್ಪು ಸವರಿದರೆ ಮಳೆಗೆ ಐದು ನಿಮಿಷದಲ್ಲಿ ತೊಳೆದುಹೋಗುತ್ತದೆ. ಮೊಣಕಾಲಿನವರೆಗೆ ಬರುವ, ಒತ್ತಾಗಿ ನೇಯ್ದ ಬಟ್ಟೆಯ ಉಂಬಳದ ಸಾಕ್ಸ್ ಹಾಕಿ ಮೇಲೆ ಶೂ ಹಾಕುತ್ತೇನೆ. ಜೊತೆಗೆ ಊರಿನವರ ಹಾಗೆ ಸುಣ್ಣ, ಹೊಗೆಸೊಪ್ಪು ಸೇರಿಸಿ ಬಟ್ಟೆಯಲ್ಲಿ ಕಟ್ಟಿದ ಗಂಟು, ಒಂದು ಕೋಲಿನ ತುದಿಗೆ. ಹತ್ತಿದ ಉಂಬಳಕ್ಕೆ ಮುಟ್ಟಿಸಿದರೆ ತಾನೇ ಬೀಳುತ್ತದೆ. ರಕ್ತ ತುಂಬಾ ಹೊತ್ತು ನಿಲ್ಲದಿದ್ದರೆ ಗಾಬರಿ ಬೇಡ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಅದರ ಜೊಲ್ಲಿನಲ್ಲೇ ಇದೆ.

ರಾತ್ರಿ ಟೆಂಟ್ ಹಾಕುವುದು ಕೆಳಗೆ, ಚಿಕ್ಕಪ್ಪನ ಹಿತ್ತಲಿನಲ್ಲಿ. ಬೆಟ್ಟ ಮೂಕಾಂಬಿಕಾ ವನ್ಯಜೀವಿಧಾಮದೊಳಗಿದೆ. ಅಲ್ಲಿ ಮನಸ್ಸಿಗೆ ಬಂದಲ್ಲಿ ಟೆಂಟ್ ಹಾಕುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಹಾಕಲೂಬಾರದು. ಅದಕ್ಕೇ ದಾರಿಗೆ ಒಲೆಯೇ ಬೇಡದ ಊಟ: ಬಾಡಿಸಿದ ಬಾಳೆ ಎಲೆಯಲ್ಲಿ ಕಟ್ಟಿದ ಅಕ್ಕಿ ರೊಟ್ಟಿ, ಮಿಡಿ ಉಪ್ಪಿನಕಾಯಿ. ಟೆಂಟ್ ಹಾಕುವಾಗ ಅಡಿಕೆ ಮರದ ಕೆಳಗಿನ ಜಾಗ ಎಷ್ಟೇ ಚೆನ್ನಾಗಿ ಕಂಡರೂ ಬೇಡ. ರಾತ್ರಿ ಸೋಗೆ, ಅಂದರೆ ಮರದ ಉದ್ದನೆಯ ಗರಿ, ಬುಡದ ದಪ್ಪ ಹಾಳೆ ಸಮೇತ ಬೀಳುತ್ತದೆ.

ಮನೆಗೆ ಬಂದ ಮೇಲೆ ಟೆಂಟ್ ಜಗಲಿಯಲ್ಲಿ ಅರ್ಧ ದಿನದಲ್ಲಿ ಒಣಗುತ್ತದೆ. ಕಂಬಳಿಗೆ ಮೂರು ದಿನ ಬೇಕು. ಹಿಂಡಬೇಡಿ, ಆಕಾರ ಕೆಡುತ್ತದೆ. ಬಿದಿರಿನ ಗಳಕ್ಕೆ ಹಾಕಿ, ನೀರು ತಾನಾಗಿ ಇಳಿದ ಮೇಲೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ.